ಚೀಟಿ ಬರೆಯುವ ಮೊದಲು ಪಾದ ಮುಟ್ಟಿ ನೋಡಿ

ಅಪ್ಪನ ಕಾಲುನೋವಿಗೆ ಎಂಟು ತಿಂಗಳು ನರದ ಮಾತ್ರೆ ಕೊಟ್ಟೆವು. ಮನೆಯಿಂದ ಮಾರ್ಕೆಟ್ಟಿಗೆ ಹೊರಟರೆ ಅರ್ಧ ದಾರಿಗೇ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಯಾರದೋ ಕಾಂಪೌಂಡಿಗೆ ಕೈಯೂರಿ ಎರಡು ನಿಮಿಷ ನಿಂತರೆ ನೋವು ಹೋಗುತ್ತಿತ್ತು, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತಿತ್ತು. ನಡೆದಾಗ ಬಂದು ನಿಂತಾಗ ಹೋಗುವ ನೋವು ಅಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಅಂತ ಮೊದಲು ಅನುಮಾನ ಬರಬೇಕು. ಆದರೆ ಆ ಎಂಟು ತಿಂಗಳಲ್ಲಿ ಅಪ್ಪನ ಸಾಕ್ಸ್ ತೆಗೆಸಿ ಪಾದ ಮುಟ್ಟಿದವರು ಒಬ್ಬರೂ ಇಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಇದಕ್ಕೆ.

ಕೊನೆಗೆ ಇನ್ನೊಬ್ಬ ಡಾಕ್ಟ್ರು ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಸಿಗಲಿಲ್ಲ. ತೋಳಿನ ಬಿಪಿ, ಕಣಕಾಲಿನ ಬಿಪಿ ಎರಡೂ ನೋಡಿ, ಕಣಕಾಲಿನದನ್ನು ತೋಳಿನದರಿಂದ ಭಾಗಿಸಿ ಲೆಕ್ಕ ಹಾಕಿದರು. ಅದು 0.9ಕ್ಕಿಂತ ಕಡಿಮೆ ಇದ್ದರೆ ರಕ್ತನಾಳ ಕಿರಿದಾಗಿದೆ ಅಂತ. ಅಪ್ಪನದು 0.6 ಇತ್ತು. (ಶುಗರ್ ಇರುವವರಲ್ಲಿ ನಾಳ ಗಡುಸಾಗಿ ಈ ಲೆಕ್ಕ ಜಾಸ್ತಿ ತೋರಿಸಬಹುದು, ಅದನ್ನೊಂದೇ ನಂಬಬೇಡಿ.) ನಲವತ್ತು ವರ್ಷ ಸಿಗರೇಟು ಸೇದಿದವರು, ಅವತ್ತೇ ಬಿಟ್ಟರು.

ಮೂರು ಮಾತ್ರೆ ಬರೆದರು: ಕ್ಲೋಪಿಡೋಗ್ರೆಲ್, ಅಟೊರ್ವಾಸ್ಟಾಟಿನ್, ಸಿಲೋಸ್ಟಜೋಲ್. ಮೂರನೆಯದು ನಡೆಯುವ ದೂರ ಹೆಚ್ಚಿಸುವುದಕ್ಕೆ. ಮೊದಲೆರಡು ಮುಖ್ಯವಾಗಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ತಡೆಯುವುದಕ್ಕೆ, ಯಾಕೆಂದರೆ ಕಾಲಿನ ನಾಳ ಕಟ್ಟಿದವರಲ್ಲಿ ಹೃದಯ, ಮಿದುಳಿನ ನಾಳಗಳೂ ಹಾಗೇ ಕಟ್ಟುತ್ತಿರುವ ಸಾಧ್ಯತೆ ಜಾಸ್ತಿ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ತಿಂಗಳಾದ ಮೇಲೆ ನೋಡಿದರೆ ಅಪ್ಪ ಆ ಎರಡನ್ನೂ ನಿಲ್ಲಿಸಿದ್ದರು. "ಕಾಲಿಗೆ ಗುಣ ಕಾಣೋದು ಇದೊಂದ್ರಲ್ಲೇ ಕಣೋ, ಅವನ್ನ ಸುಮ್ನೆ ಯಾಕೆ ನುಂಗ್ಲಿ?" ಅಂದರು. ಅವರ ತಪ್ಪೇನಿದೆ ಹೇಳಿ?

ಅದಕ್ಕಿಂತ ದೊಡ್ಡ ಭಯ ಆಮೇಲೆ ಕಾದಿತ್ತು. ಊರಿಂದ ಬಂದ ಚಿಕ್ಕಪ್ಪನಿಗೆ ಕಾಲು ಊತ, ನಡೆದರೆ ಸುಸ್ತು. "ನಂಗೂ ಇದೇ ಇತ್ತು, ತಗೋ" ಅಂತ ಅಪ್ಪ ಪ್ರೀತಿಯಿಂದ ಸಿಲೋಸ್ಟಜೋಲ್ ಶೀಟು ಕೊಟ್ಟುಬಿಟ್ಟರು. ಚಿಕ್ಕಪ್ಪನ ಊತ ಹೃದಯದ ಪಂಪಿಂಗ್ ಕಡಿಮೆ ಆಗಿದ್ದಕ್ಕೆ ಬಂದದ್ದು. ಹಾರ್ಟ್ ಫೇಲ್ಯೂರ್ ಎಷ್ಟೇ ಸಣ್ಣದಿರಲಿ, ಅಂಥವರಿಗೆ ಈ ಮಾತ್ರೆ ಕೊಡಲೇಬಾರದು. ಮೂರನೇ ದಿನ ಎದೆ ಡವಡವ ಅಂತ ಫೋನ್ ಮಾಡಿದರು. ಆಗಲೇ ನಿಲ್ಲಿಸಿ ಆಸ್ಪತ್ರೆಗೆ ಓಡಿದ್ದಕ್ಕೆ ಬಚಾವಾದರು.

ಹೃದಯ ಚೆನ್ನಾಗಿರುವವರಿಗೂ ಸಿಲೋಸ್ಟಜೋಲ್ ಮೊದಲ ಮದ್ದಲ್ಲ. ಯುರೋಪಿನಲ್ಲಿ 2013ರಲ್ಲೇ ಇದಕ್ಕೆ ಕಡಿವಾಣ ಹಾಕಿದರು: ಮೊದಲು ಸಿಗರೇಟು ಬಿಡಬೇಕು, ನಡೆಯಬೇಕು, ಅದರಿಂದ ಆಗದಿದ್ದರೆ ಮಾತ್ರ ಇದು, ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುವ ಯೋಚನೆ ಮಾಡಬೇಕು. ನಮ್ಮಲ್ಲಿ ಒಮ್ಮೆ ಬರೆದ ಚೀಟಿ ವರ್ಷಗಟ್ಟಲೆ ಮೆಡಿಕಲ್ ಶಾಪಿನಲ್ಲಿ ಓಡುತ್ತಲೇ ಇರುತ್ತದೆ, ಅಲ್ವಾ? ಊಟಕ್ಕೆ ಅರ್ಧ ಗಂಟೆ ಮೊದಲು ಇಲ್ಲವೇ ಎರಡು ಗಂಟೆ ನಂತರ ತಗೊಳ್ಳಬೇಕು ಅನ್ನುವುದನ್ನೂ ನಾವು ಶೀಟಿನ ಜೊತೆಗಿದ್ದ ಕಾಗದ ಓದಿಯೇ ತಿಳಿದುಕೊಂಡೆವು. ಗ್ಯಾಸ್ಟ್ರಿಕ್‌ಗೆ ಓಮೆಪ್ರಜೋಲ್ ನುಂಗುವವರಲ್ಲಿ ಡೋಸ್ ಇಳಿಸಬೇಕು ಅಂತಲೂ ಅದರಲ್ಲೇ ಇತ್ತು. ಅಪ್ಪ ದಿನಾ ಅದನ್ನೂ ನುಂಗುತ್ತಿದ್ದರು.

ಡಾಕ್ಟರ್ ಸ್ನೇಹಿತರೇ, ನಿಮ್ಮ ಓಪಿಡಿಯ ರಶ್ ನನಗೆ ಗೊತ್ತು. ಆದರೂ ಯಾವ ಮಾತ್ರೆ ಯಾತಕ್ಕೆ ಅಂತ ಚೀಟಿಯ ಪಕ್ಕದಲ್ಲಿ ಕನ್ನಡದಲ್ಲಿ ಎರಡು ಪದ ಬರೆಯಿರಿ. ಈಗ ನಮ್ಮನೆಯಲ್ಲಿ ಆ ಕೆಲಸ ನಾನೇ ಮಾಡುತ್ತೇನೆ. ಒಂದು ಡಬ್ಬಿಯ ಮೇಲೆ "ಹೃದಯಕ್ಕೆ, ನಿಲ್ಲಿಸಬೇಡಿ" ಅಂತ, ಇನ್ನೊಂದರ ಮೇಲೆ "ಅಪ್ಪನಿಗೆ ಮಾತ್ರ, ಯಾರಿಗೂ ಕೊಡಬೇಡಿ" ಅಂತ ಮಾರ್ಕರ್‌ನಲ್ಲಿ ದಪ್ಪಗೆ ಬರೆದಿಟ್ಟಿದ್ದೇನೆ.