ಫೈಲು ಕರಪ್ಟ್ ಆದದ್ದು

ಮೂರು ದಿನ ಕೂತು ಬರೆದದ್ದನ್ನು ತೆರೆಯಲು ಹೋದರೆ ಕಂಪ್ಯೂಟರ್ ಹೇಳಿತು: ಫೈಲ್ ಕರಪ್ಟ್ ಆಗಿದೆ. ಇದು ಉಲ್ಟಾ ಅಲ್ವಾ? ಫೈಲು ಪಾಪ ಸುಮ್ನೆ ಇರುತ್ತದೆ, ಅದನ್ನು ಹಿಡಿದು ಕೂತವರು ಕರಪ್ಟ್ ಆಗುತ್ತಾರೆ.

ಸಿಟ್ಟಿಗೆ ನಿಘಂಟು ತೆಗೆದೆ. ಕೆಲಸ ಕೆಟ್ಟಾಗ ನಿಘಂಟು ಓದುವುದು ನನ್ನ ಹಳೆಯ ಚಟ. ಲ್ಯಾಟಿನ್‌ನಲ್ಲಿ ‘ರುಂಪೆರೆ’ ಅಂದರೆ ಮುರಿಯುವುದು. ‘ಕೊರ್ರುಂಪೆರೆ’ ಅಂದರೆ ಮುರಿದು ಪೂರ್ತಿ ಹಾಳು ಮಾಡುವುದು. ಲಂಚ ಕೊಟ್ಟು ಕೆಡಿಸುವುದಕ್ಕೂ ರೋಮನ್ನರು ಇದೇ ಮಾತು ಬಳಸುತ್ತಿದ್ದರು. ಹಾಗಾದರೆ ಕಂಪ್ಯೂಟರ್ ಹೇಳಿದ್ದೇ ಸರಿ. ಅದೂ ಒಂದು ಸಂಕಟ.

ನಮ್ಮ ‘ಭ್ರಷ್ಟ’ ಮುರಿಯುವುದಿಲ್ಲ, ಜಾರುತ್ತದೆ. ಸಂಸ್ಕೃತದ ‘ಭ್ರಂಶ್’ ಧಾತುವಿಗೆ ಜಾರು, ಬೀಳು ಎಂದರ್ಥ. ನನಗೆ ಇದು ಹಿಡಿಸಲಿಲ್ಲ. ಮುರಿದಿದೆ ಅಂದರೆ ಮುರಿದವನೊಬ್ಬ ಇರಬೇಕು. ಜಾರಿದ್ದಕ್ಕೆ ನೆಲ ಒದ್ದೆ ಇತ್ತು ಅಂದರಾಯಿತು! ಕೈ ಚಾಚಿದವನು ಬಿದ್ದದ್ದನ್ನು ನಾನಂತೂ ನೋಡಿಲ್ಲ. ಮೇಲೆ ಹತ್ತಿದ್ದನ್ನೇ ಜಾಸ್ತಿ ನೋಡಿದ್ದೇನೆ.

ಅದೇ ಧಾತುವಿನ ಇನ್ನೊಂದು ಕೂಸು ‘ಅಪಭ್ರಂಶ’, ಅಂದರೆ ಸರಿಯಾದ ರೂಪದಿಂದ ಜಾರಿದ ಶಬ್ದ. ವೈಯಾಕರಣಿ ಪತಂಜಲಿ, ಪಾಣಿನಿಯ ಸಂಸ್ಕೃತ ವ್ಯಾಕರಣದ ಮೇಲೆ ಬರೆದ ಮಹಾಭಾಷ್ಯದಲ್ಲಿ ಒಂದು ಹಸುವನ್ನು ತಂದು ನಿಲ್ಲಿಸುತ್ತಾನೆ. ಸರಿಯಾದ ಶಬ್ದ ‘ಗೌಃ’ ಒಂದೇ. ಜನರ ಬಾಯಲ್ಲಿ ಅದು ಗಾವೀ, ಗೋಣೀ, ಗೋತಾ, ಗೋಪೋತಲಿಕಾ. ಗೋಪೋತಲಿಕಾ! ಒಂದಕ್ಷರ ಜಾರಿ ಬಿದ್ದು ಐದಕ್ಷರವಾಗಿ ಎದ್ದಿದೆ. ಬಿದ್ದವರ ಮೊಣಕಾಲು ತರಚಿದ್ದನ್ನು ಕಂಡಿದ್ದೇನೆ, ಬಿದ್ದು ಉದ್ದವಾದವರನ್ನು ಕಂಡಿಲ್ಲ. ಯಾರೋ ಸಂಜೆ ಹೊತ್ತಲ್ಲಿ ಮುದ್ದಿನಿಂದ ಹಾಗೆ ಕರೆದಿರಬೇಕು. ಹಸುವೂ ಓಡಿ ಬಂದಿರಬೇಕು. ‘ಗೌಃ’ ಅಂದಿದ್ದರೆ ಯಾರೋ ಗದರಿದರು ಅಂದುಕೊಂಡು ಅಲ್ಲೇ ನಿಲ್ಲುತ್ತಿತ್ತೋ ಏನೋ. ಅರ್ಥ ಎರಡೂ ಬಗೆಯ ಶಬ್ದದಿಂದ ಆಗುತ್ತದೆ ಎಂದು ಪತಂಜಲಿಯೇ ಒಪ್ಪುತ್ತಾನೆ, ಪುಣ್ಯ ಮಾತ್ರ ಸರಿಯಾದ ಶಬ್ದಕ್ಕಂತೆ. ಹಸುವಿಗೆ ಅದು ಗೊತ್ತಿತ್ತೇ?

ನನ್ನ ‘ಹ’ಕಾರ ತಿದ್ದುತ್ತಿದ್ದ ಹಿರಿಯರೊಬ್ಬರಿದ್ದರು. ನಾನು ‘ಆಲು’ ಅಂದರೆ ‘ಹಾಲು, ಹಾಲು’ ಎಂದು ಲೋಟ ಹಿಡಿದುಕೊಂಡೇ ಕೂರುತ್ತಿದ್ದರು. ನಾನು ಸರಿಯಾಗಿ ಹೇಳುವ ಹೊತ್ತಿಗೆ ಕೆನೆ ಕಟ್ಟಿರುತ್ತಿತ್ತು. ಭಾಷೆ ಭ್ರಷ್ಟವಾಯಿತು ಎಂದು ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಉಳಿದ ಭ್ರಷ್ಟತೆಯ ಬಗ್ಗೆ ‘ಲೋಕ ಇರುವುದೇ ಹಾಗೆ’ ಎಂದು ಚೆನ್ನಾಗಿ ಗೊರಕೆ ಹೊಡೆಯುತ್ತಿದ್ದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಇದಕ್ಕೆಲ್ಲ ಏನು ಅರ್ಥ ಎಂದು ಆ ಫೈಲಿನಲ್ಲಿ ಚೆನ್ನಾಗಿ ಬರೆದಿದ್ದೆ ಅನಿಸುತ್ತದೆ. ರಾತ್ರಿ ಹೇಗೋ ರಿಪೇರಿ ಮಾಡಿ ತೆರೆದೆ. ಪುಟದ ತುಂಬ ಚೌಕ, ಪ್ರಶ್ನಾರ್ಥಕ ಚಿಹ್ನೆ. ನಡುವೆ ಒಂದೇ ಒಂದು ಪದ ಸರಿಯಾಗಿ ಉಳಿದಿತ್ತು: ‘ಆದ್ದರಿಂದ’.