ಗಿರಾಕಿ ಸಿಡಿಯುವುದಿಲ್ಲವಲ್ಲ!

ಮತ್ತೊಂದು ಕಾರು ಅಂಗಡಿಯೊಳಗೆ ಹೋಗಿದೆ. ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಎಲ್ಲಿ, ಏನು ಅಂತ ಮತ್ತೆ ಹೇಳುವುದಿಲ್ಲ. ನಾನಂತೂ ನಾಲ್ಕು ಸಲ ನೋಡಿದೆ. ಮೊದಲು ಗಾಜಿನ ಗೋಡೆ ಒಳಗೆ ಬಂತು, ಅದರ ಬೆನ್ನಿಗೇ ಕಾರು ಬಂತು, ಎರಡು ಕಪಾಟು ಮಲಗಿಕೊಂಡವು. ಎಲ್ಲ ಮುಗಿದ ಮೇಲೆ ಕಾರಿನ ವೈಪರ್ ತಾನಾಗಿ ಶುರುವಾಯಿತು. ಗಾಜಿನ ಚೂರುಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಗುಡಿಸುತ್ತಿತ್ತು. ಆ ಇಡೀ ವಿಡಿಯೊದಲ್ಲಿ ತನ್ನ ಕೆಲಸ ತಾನು ಮಾಡಿದ್ದು ಅದೊಂದೇ.

ಸುದ್ದಿಯನ್ನೂ ಓದಿದೆ. ‘ಚಾಲಕನ ನಿಯಂತ್ರಣ ತಪ್ಪಿದ ಕಾರು ಅಂಗಡಿಗೆ ನುಗ್ಗಿದೆ.’ ನೋಡಿ, ನುಗ್ಗಿದ್ದು ಕಾರು. ಚಾಲಕ ಪಾಪ, ಸುಮ್ನೆ ಒಳಗೆ ಕೂತಿದ್ದ. ಸುದ್ದಿಯಲ್ಲಿ ಬರುವ ಕಾರೆಲ್ಲ ಹಗ್ಗ ಕಿತ್ತ ಹೋರಿಗಳೇ. ಮುಂದಿನ ಸಾಲು ನಿಮಗೂ ಬಾಯಿಪಾಠ: ‘ಅದೃಷ್ಟವಶಾತ್ ಯಾವುದೇ ಪ್ರಾಣಾಪಾಯ ಸಂಭವಿಸಿಲ್ಲ.’ ಈ ‘ಅದೃಷ್ಟವಶಾತ್’ಗೆ ಯಾರಾದರೂ ಸಂಬಳ ಕೊಡಬೇಕು ಕಣ್ರೀ. ಹಗಲು ರಾತ್ರಿ ಡ್ಯೂಟಿ ಮಾಡುತ್ತದೆ. ಕಾರು ತಡೆಯಲು ಅಂಗಡಿ ಮುಂದೆ ನೆಡುವ ಕಬ್ಬಿಣದ ಕಂಬ ಮಾಡಬೇಕಾದ ಕೆಲಸವನ್ನೆಲ್ಲ ಈ ಒಂದು ಪದ ಹೊತ್ತುಕೊಂಡಿದೆ. ಅದು ರಜೆ ಹಾಕಿದ ದಿನ ಮಾತ್ರ ಸುದ್ದಿ ‘ಗ್ರಾಹಕರೊಬ್ಬರು ಸ್ಥಳದಲ್ಲೇ’ ಅಂತ ಶುರುವಾಗುತ್ತದೆ.

ಕಾರಣ ಬಹಳ ಸಲ ಒಂದೇ. ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿಯುವುದು. ಕಾಲು ತೆಗೆದರೆ ಮುಗೀತು, ಅಲ್ವಾ? ಆದರೆ ತುಳಿಯುತ್ತಿರುವುದು ಬ್ರೇಕನ್ನೇ ಅಂತ ಆತ ನಂಬಿರುತ್ತಾನೆ. ಕಾರು ನಿಲ್ಲುತ್ತಿಲ್ಲ ಅಂತ ಇನ್ನೂ ಜೋರಾಗಿ ತುಳಿಯುತ್ತಾನೆ. (ವಾದ ಮಾಡುವಾಗ ನಾನೂ ಹೀಗೇ. ತಪ್ಪು ಅಂತ ಗೊತ್ತಾಗುವ ಹೊತ್ತಿಗೆ ಗಾಜು ಒಡೆದಿರುತ್ತದೆ.) 1980ರ ದಶಕದಲ್ಲಿ ‘ಕಾರು ತಾನೇ ಓಡಿತು’ ಎಂಬ ದೂರು ಅಮೆರಿಕದಲ್ಲಿ ಜೋರಾಗಿತ್ತು. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ತನಿಖೆ ಮಾಡಿ 1989ರಲ್ಲಿ ವರದಿ ಕೊಟ್ಟಿತು. ಓಡಿದ್ದು ಕಾರಲ್ಲ, ಹೆಚ್ಚಿನ ಪ್ರಕರಣಗಳಲ್ಲಿ ತಪ್ಪು ಪೆಡಲ್ ತುಳಿದದ್ದು ಚಾಲಕರೇ ಎಂದಿತು. ಈಗ ಜಪಾನ್ ಎದ್ದಿದೆ. ತಪ್ಪು ಪೆಡಲ್ ತುಳಿದರೂ ಎದುರಿನ ಗೋಡೆ ಕಂಡು ಕಾರು ಮುನ್ನುಗ್ಗದಂತೆ ತಡೆಯುವ ವ್ಯವಸ್ಥೆ ಅಲ್ಲಿನ ಹೊಸ ಆಟೊಮ್ಯಾಟಿಕ್ ಕಾರುಗಳಿಗೆ 2028ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಎರಡು ಪೆಡಲ್‌ಗಳ ನಡುವೆ ಗೇಣು ಜಾಗವೂ ಇರುವುದಿಲ್ಲ. ಅಷ್ಟು ದೂರ ದಾಟಲು ಕಾನೂನಿಗೆ 39 ವರ್ಷ ಬೇಕಾಯಿತು.

ಸರಿ, ಕಾಲು ತಪ್ಪುತ್ತದೆ. ಮನುಷ್ಯರ ಕಾಲು ಅಂದಮೇಲೆ ತಪ್ಪುವುದೇ. ಅದಕ್ಕೆ ನಾವು ಮಾಡಿಕೊಂಡಿರುವ ಏರ್ಪಾಟು ಎಂಥದ್ದು! ಕಾರುಗಳನ್ನು ಅಂಗಡಿಗೆ ಮೂತಿ ಮಾಡಿ ಸಾಲಾಗಿ ನಿಲ್ಲಿಸುತ್ತೇವೆ. ಮೂತಿಯ ಮುಂದೆ ಗಾಜು. ಗಾಜಿನ ಹಿಂದೆ ಬಿಲ್ ಕೊಡಲು ನಿಂತವರ ಬೆನ್ನು. ಗಂಟೆಗೆ 30 ಕಿಲೊಮೀಟರ್ ವೇಗದ ಕಾರು ಗುದ್ದುವುದೂ ಒಂದೇ, ಅದೇ ಕಾರು ಮೂರೂವರೆ ಮೀಟರ್ ಎತ್ತರದಿಂದ ಬೀಳುವುದೂ ಒಂದೇ. ಇದನ್ನು ತಡೆಯಲು ಅಂಗಡಿಯವರು ಇಟ್ಟಿರುವುದು ಹೂಕುಂಡ. ಹೂಕುಂಡ ಬೇಡ ಅನ್ನುವವರು ಚಕ್ರದ ಮುಂದೆ ಗೇಣೆತ್ತರದ ಸಿಮೆಂಟ್ ದಿಮ್ಮಿ ಹಾಕುತ್ತಾರೆ. ಆಕ್ಸಿಲರೇಟರ್ ಪೂರ್ತಿ ಒತ್ತಿದ ಕಾರು ಅದನ್ನು ಹತ್ತಿ ಇಳಿದು ಹೋಗುತ್ತದೆ. ಅದಕ್ಕೆ ಎಡವಿ ಬೀಳುವವರೂ ಗಿರಾಕಿಗಳೇ.

ತಡೆಯುವುದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ ಅಂದುಕೊಳ್ಳಬೇಡಿ. ಅಚ್ಚುಕಟ್ಟಾಗಿ ಗೊತ್ತಿದೆ. ಅಮೆರಿಕದ ಬಹಳ ಕಡೆ ಜಾರಿಯಲ್ಲಿರುವ ‘ಇಂಟರ್‌ನ್ಯಾಷನಲ್ ಫೈರ್ ಕೋಡ್’ ಎಂಬ ನಿಯಮಗಳ ಪುಸ್ತಕ ತೆಗೆದು ನೋಡಿ. ಕನಿಷ್ಠ ನಾಲ್ಕಿಂಚು ವ್ಯಾಸದ ಉಕ್ಕಿನ ಕೊಳವೆ, ಹೊಟ್ಟೆ ತುಂಬ ಕಾಂಕ್ರೀಟ್. ನೆಲದೊಳಗೆ ಮೂರಡಿ, ನೆಲದ ಮೇಲೆ ಮೂರಡಿ. ಕಂಬದಿಂದ ಕಂಬಕ್ಕೆ ನಾಲ್ಕಡಿಗಿಂತ ಜಾಸ್ತಿ ಅಂತರ ಬೇಡ. ಗಾಲಿಕುರ್ಚಿ ಸಲೀಸಾಗಿ ತೂರುತ್ತದೆ, ಕಾರು ತೂರುವುದಿಲ್ಲ. ಎಷ್ಟು ಕಾಳಜಿ! ಓದಿ ಕಣ್ಣು ತುಂಬಿ ಬಂತು.

ಆಮೇಲೆ ನೋಡಿದರೆ ಈ ಕಾಳಜಿಯೆಲ್ಲ ಗ್ಯಾಸ್ ಮೀಟರ್‌ಗೆ, ಪೆಟ್ರೋಲ್ ಪಂಪಿಗೆ, ಅಂಗಡಿಯ ಹೊರಗೆ ಗ್ಯಾಸ್ ಸಿಲಿಂಡರ್ ಇಡುವ ಬೀರುವಿಗೆ. ಪಕ್ಕದ ಬಾಗಿಲಲ್ಲಿ ಬಂದು ಹೋಗುವ ಜನಕ್ಕೆ ಅಲ್ಲ. ಪುಸ್ತಕದ ತಪ್ಪಿಲ್ಲ ಬಿಡಿ. ಅದು ಬೆಂಕಿಯ ಪುಸ್ತಕ. ಸಿಲಿಂಡರ್‌ಗೆ ಗುದ್ದಿದರೆ ಸಿಡಿಯುತ್ತದೆ, ಗಿರಾಕಿಗೆ ಗುದ್ದಿದರೆ ಸಿಡಿಯುವುದಿಲ್ಲ. ಈ ವಯಸ್ಸಿನಲ್ಲಿ ನನ್ನ ಹೊಟ್ಟೆಯಲ್ಲೂ ಸಾಕಷ್ಟು ಗ್ಯಾಸ್ ಇರುತ್ತದೆ. ಅದನ್ನು ಪರಿಗಣಿಸಿ ನನ್ನ ಸುತ್ತಲೂ ನಾಲ್ಕು ಕಂಬ ಹಾಕಿಸಿ ಅಂತ ಅರ್ಜಿ ಕೊಡೋಣ ಅಂತಿದ್ದೇನೆ.

ಈ ಕಂಬಕ್ಕೆ ಬೊಲಾರ್ಡ್ ಅಂತ ಹೆಸರು. ಹಿಂದೆ ಹಡಗು ಕಟ್ಟುವ ಗೂಟವನ್ನು ಹಾಗೆ ಕರೆಯುತ್ತಿದ್ದರು. ನಮ್ಮ ಬಾಯಿಗೆ ಗೂಟವೇ ಸಲೀಸು. ಗೂಟದ ಕಾರು ಬೇಕು ಅನ್ನುವವರು ಬೇಕಾದಷ್ಟು ಜನ ಇದ್ದಾರೆ, ಕಾರಿಗೆ ಗೂಟ ಹಾಕುವವರಿಗೇ ಬರ. ಅಂಗಡಿ ಮುಂದಿನ ಗೂಟ ಗಟ್ಟಿ ಇದೆಯೋ ಇಲ್ಲವೋ ಅಂತ ನೋಡಲು 2014ರಲ್ಲಿ, ಗುಣಮಟ್ಟದ ಮಾನದಂಡ ಬರೆಯುವ ‘ಎಎಸ್‌ಟಿಎಂ’ ಸಂಸ್ಥೆ ಒಂದು ಪರೀಕ್ಷೆಯನ್ನೂ ಬರೆದಿಟ್ಟಿದೆ. ಸುಮಾರು 2,270 ಕಿಲೊ ತೂಕದ ವಾಹನವನ್ನು ಗಂಟೆಗೆ 48 ಕಿಲೊಮೀಟರ್ ವೇಗದವರೆಗೆ ಗುದ್ದಿಸಿ ನೋಡುತ್ತಾರೆ. ಆದರೆ ಅದು ಪರೀಕ್ಷೆ ಹೇಗೆ ಮಾಡಬೇಕು ಅನ್ನುತ್ತದೆಯೇ ಹೊರತು ಗೂಟ ಹಾಕಲೇಬೇಕು ಅನ್ನುವುದಿಲ್ಲ. ಹಾಕದವರನ್ನು ಕೇಳಿದರೆ ಉತ್ತರ ರೆಡಿ. ಅಂಗಡಿಯ ಅಂದ ಕೆಡುತ್ತದಂತೆ. ಬರುವವರಿಗೆ ಸ್ವಾಗತ ಅನ್ನಿಸುವುದಿಲ್ಲವಂತೆ.

ಸ್ವಾಗತದ ಲೆಕ್ಕ ಕೇಳಿ. ಅಮೆರಿಕದಲ್ಲಿ ದಿನಕ್ಕೆ ನೂರಕ್ಕೂ ಹೆಚ್ಚು ವಾಹನಗಳು ಅಂಗಡಿ, ಹೋಟೆಲು, ಕಚೇರಿಗಳಿಗೆ ನುಗ್ಗುತ್ತವೆ ಅಂತ, ಇಂಥ ಅಪಘಾತಗಳ ಲೆಕ್ಕ ಇಡುವ ‘ಸ್ಟೋರ್‌ಫ್ರಂಟ್ ಸೇಫ್ಟಿ ಕೌನ್ಸಿಲ್’ ಅಂದಾಜು ಮಾಡಿದೆ. 2017ರಲ್ಲಿ ಇಲಿನಾಯ್ ರಾಜ್ಯದ ಬೆನ್ಸನ್‌ವಿಲ್‌ನಲ್ಲಿ ‘ಸೆವೆನ್ ಇಲೆವೆನ್’ ಅಂಗಡಿಯ ಮುಂದೆ ನಿಂತಿದ್ದ ಒಬ್ಬರಿಗೆ ಕಾರು ಗುದ್ದಿತು. ಅವರ ಎರಡೂ ಕಾಲು ಹೋದವು. ಅಲ್ಲಿ ಗೂಟ ಇರಲಿಲ್ಲ. ಮೊಕದ್ದಮೆ ನಡೆಯಿತು, 2023ರಲ್ಲಿ 9.1 ಕೋಟಿ ಡಾಲರಿಗೆ ರಾಜಿ ಆಯಿತು. ಆ ಮೊಕದ್ದಮೆಯಲ್ಲಿ ಹೊರಬಂದ ಸಂಗತಿ ಇನ್ನೊಂದು. 15 ವರ್ಷದಲ್ಲಿ ಅದೇ ಕಂಪನಿಯ ಅಂಗಡಿಗಳಿಗೆ ವಾಹನ ಗುದ್ದಿದ್ದು 6,253 ಸಲ. ಭಾಗಿಸಿ ನೋಡಿ, ದಿನಕ್ಕೆ ಒಂದಕ್ಕಿಂತ ಜಾಸ್ತಿ.

ಇದನ್ನು ಬರೆಯುವಾಗ ನನಗೆ ತಮಾಷೆ ಬರುತ್ತಿಲ್ಲ. ದಿನಾ ಒಂದು ಅಂಗಡಿ ಒಡೆಯುವುದು ಕಣ್ಣಿಗೆ ಕಾಣುತ್ತಿತ್ತು. ಯಾರೋ ಕೂತು ಎಣಿಸಿದ್ದಾರೆ, ಫೈಲಿನಲ್ಲಿ ಬರೆದಿಟ್ಟಿದ್ದಾರೆ, ಪ್ರತಿ ಸಲ ಗಾಜಿನವರಿಗೆ ಫೋನ್ ಮಾಡಿದ್ದಾರೆ. ಎಣಿಸಲು ಪುರುಸೊತ್ತಿತ್ತು. ಮೂರಡಿ ಗುಂಡಿ ತೋಡಲು ಇರಲಿಲ್ಲ. ಒಬ್ಬ ಮನುಷ್ಯನ ಎರಡು ಕಾಲು, ಥೂ.

ಮೊನ್ನೆ ವಿಡಿಯೊದಲ್ಲಿ ಕಂಡ ಅಂಗಡಿಯ ಫೋಟೊ ಈಗ ಬಂತು. ಗಾಜಿದ್ದ ಜಾಗಕ್ಕೆ ಪ್ಲೈವುಡ್ ಹೊಡೆದಿದ್ದಾರೆ. ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಅಂಗಡಿ ತೆರೆದಿದೆ’ ಅಂತ ಬರೆದು ಬಾಣ ಹಾಕಿದ್ದಾರೆ. ಪಕ್ಕದಲ್ಲಿ ಸಿಲಿಂಡರ್ ಬೀರು, ಹಳದಿ ಗೂಟಗಳ ನಡುವೆ, ಒಂದು ಗೀರೂ ಇಲ್ಲದೆ ನಿಂತಿದೆ. ಪ್ಲೈವುಡ್ ಎದುರಿಗೇ ಬಿಳಿ ಕಾರೊಂದು ಮೂತಿ ತಾಗಿಸಿಕೊಂಡಿದೆ. ಹೆಡ್‌ಲೈಟ್ ಇನ್ನೂ ಉರಿಯುತ್ತಿದೆ.