ಜಗಳಕ್ಕೆ ಇತಿಹಾಸ ಬೇಕು, ಓದೋಕೆ ಬೇಡ

ಭಾನುವಾರ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ. ಹೋಳಿಗೆ ಚೆನ್ನಾಗಿತ್ತು. ಅದನ್ನ ಮೊದಲೇ ಹೇಳಿಬಿಡ್ತೀನಿ, ಇನ್ನು ಮುಂದೆ ಬರೋದೆಲ್ಲ ಬರೀ ಹೊಟ್ಟೆಯುರಿ.

ಪಂಕ್ತಿಯಲ್ಲಿ ನನ್ನೆದುರು ಕೂತಿದ್ದ ಹಿರಿಯರೊಬ್ಬರು ಕೋಸಂಬರಿಯಿಂದ ಮಜ್ಜಿಗೆ ತನಕ ಟಿಪ್ಪು ಬಗ್ಗೆ ಮಾತಾಡಿದರು. ಎಂಜಲು ಕೈ ಒಣಗಿದರೂ ಬಿಡಲಿಲ್ಲ. 'ಆ ಯುದ್ಧದಲ್ಲಿ...' ಅಂದಾಗ ತಡೆಯಲಾಗದೆ ಕೇಳಿದೆ: "ಯಾವ ಯುದ್ಧ ಸಾರ್? 1767ರಿಂದ 1799ರೊಳಗೆ ನಾಲ್ಕು ಆಗಿವೆ."

"ಅದೇ ರೀ, ಬ್ರಿಟಿಷರ ಜೊತೆ ಆಯ್ತಲ್ಲ, ಅದು!"

ನಾಲ್ಕೂ ಬ್ರಿಟಿಷರ ಜೊತೆಗೇ ಆಗಿದ್ದು ಅನ್ನೋದನ್ನ ಪಾಯಸದ ಜೊತೆ ನುಂಗಿಕೊಂಡೆ.

ಅಷ್ಟರಲ್ಲಿ ನನ್ನ ನಾದಿನಿಯ ಮಗಳು ತುಪ್ಪ ಬಡಿಸೋಕೆ ಬಂದಳು. ಪಿಯುಸಿಯಲ್ಲಿ ತೊಂಬತ್ತಮೂರು ಪರ್ಸೆಂಟ್ ತೆಗೆದ ಹುಡುಗಿ. "ಮುಂದೇನಮ್ಮ?" ಅಂದರು. "ಬಿಎ ಸೇರಿದೀನಿ, ಹಿಸ್ಟರಿ." ಇಷ್ಟು ಹೊತ್ತೂ ಇತಿಹಾಸಕ್ಕೋಸ್ಕರ ರಕ್ತ ಕುದಿಸ್ಕೊಂಡಿದ್ದ ಮನುಷ್ಯ ಸಾವಿನ ಸುದ್ದಿ ಕೇಳಿದೋರ ಥರ ಮುಖ ಮಾಡಿ, "ಅಯ್ಯೋ, ಮಾರ್ಕ್ಸ್ ಕಮ್ಮಿ ಬಂತಾ?" ಅಂದರು.

ನನ್ನ ತಕರಾರು ಇದೊಂದೇ. ವಾಟ್ಸಾಪ್‌ನಲ್ಲಿ ಬಡಿದಾಡೋಕೆ ಇತಿಹಾಸ ಬೇಕು, ಊರಿಗೆ ಹೆಸರಿಡೋಕೆ ಬೇಕು, ಹೆಸರು ಅಳಿಸೋಕೆ ಬೇಕು. ಮನೆ ಹುಡುಗಿ ಕೂತು ಓದ್ತೀನಿ ಅಂದ್ರೆ ಮಾತ್ರ ಬೇಡ. ರಾಯಚೂರು ಜಿಲ್ಲೆ ಮಸ್ಕಿಯ ಶಾಸನದ ಬಂಡೆ 1915ರಲ್ಲಿ ಕಣ್ಣಿಗೆ ಬಿದ್ದಿದ್ದು ಒಬ್ಬ ಗಣಿ ಇಂಜಿನಿಯರ್‌ಗೆ, ನಿಜ. ಆದರೆ ಅದರಲ್ಲಿ 'ಅಶೋಕ' ಅನ್ನೋ ಹೆಸರಿದೆ, ಬೇರೆ ಶಾಸನಗಳಲ್ಲಿ ಬರೋ 'ದೇವಾನಾಂಪ್ರಿಯ' ಅನ್ನೋ ಬಿರುದಿನ ರಾಜ ಈತನೇ ಅಂತ ಗಟ್ಟಿಯಾಗೋಕೆ ಆ ಕಾಲದ ಬ್ರಾಹ್ಮಿ ಲಿಪಿ ಓದಬಲ್ಲೋರು ಬೇಕಾಯ್ತು. ಹಲ್ಮಿಡಿ ಶಾಸನ ಅಂತ ಎದೆ ತಟ್ಟಿಕೊಳ್ತೀವಲ್ಲ, 1936ರಲ್ಲಿ ಅದನ್ನ ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಮೇಷ್ಟ್ರು. ಅವರಿಗೂ ಯಾರಾದರೂ ಕೇಳಿದ್ದರೋ ಏನೋ, ಮಾರ್ಕ್ಸ್ ಕಮ್ಮಿ ಬಂತಾ ಅಂತ.

ಕೆಲಸ ಎಲ್ಲಿದೆ ಅಂತೀರಿ. ಗೊತ್ತು ಸ್ವಾಮಿ. ಅತಿಥಿ ಉಪನ್ಯಾಸಕ ಅನ್ನೋ ಹೆಸರಲ್ಲಿ ಹನ್ನೊಂದು ವರ್ಷ ದುಡಿದು, ಪ್ರತಿ ಬೇಸಿಗೆ ರಜೆಯಲ್ಲೂ ಸಂಬಳವಿಲ್ಲದೆ ಕೂತೋನಿಗೆ ಅದನ್ನ ನೀವು ಹೇಳಿಕೊಡಬೇಕಾ? ಪಾಠ ಬೋರು ಅಂತೀರಿ. ಅದೂ ಹೌದು, ಜೆರಾಕ್ಸ್ ನೋಟ್ಸು, ಹತ್ತು ಮಾರ್ಕಿನ ಪ್ರಶ್ನೆಗೆ ಮೂರು ಪುಟ. ಕೆಲಸ ಸಿಗಲ್ಲ ಅನ್ನಿ, ಒಪ್ತೀನಿ. ದಡ್ಡರು ಓದೋದು ಅಂದ್ರೆ ಜಗಳಕ್ಕೆ ಬರ್ತೀನಿ.

ಹಾಗಂತ ನಾನೇನೂ ಇಷ್ಟಪಟ್ಟು ಬಂದೋನಲ್ಲ. ಹಳೇ ಸ್ನೇಹಿತರಿಗೆ ಗೊತ್ತು, ಪಿಯುಸಿ ಸೈನ್ಸ್‌ನಲ್ಲಿ ಗಣಿತಕ್ಕೆ ಎರಡು ಸಲ ಡುಮ್ಕಿ ಹೊಡೆದು ಬಿಎ ಸೇರಿದವನು. ಬುದ್ಧಿ ಬಂದಿದ್ದು ಎಂಎ ಮೊದಲ ವರ್ಷದಲ್ಲಿ, ಹಾಸನದ ಕಡೆಯ ಒಂದು ಕೆರೆ ದಂಡೆಯಲ್ಲಿ. ಬಟ್ಟೆ ಒಗೆಯೋ ಕಲ್ಲೊಂದನ್ನ ಮೇಷ್ಟ್ರು ನಮ್ಮ ಕೈಲಿ ಮಗುಚಿಸಿದರು. ವೀರಗಲ್ಲು! ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನ ಎತ್ತಿಕೊಂಡು ಹೋಗೋ ಅಪ್ಸರೆಯರು, ಮೇಲೆ ಶಿವಲಿಂಗ. ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಕುಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆದಾಗ ಕಪ್ಪಿನ ನಡುವೆ ಬೆಳ್ಳಗೆ ಅಕ್ಷರ ಎದ್ದವು. ಕಳ್ಳರು ಹೊಡೆದುಕೊಂಡು ಹೋಗ್ತಿದ್ದ ಊರ ದನ ಬಿಡಿಸೋಕೆ ಹೋಗಿ ಸತ್ತವನು. ಸಾವಿರ ವರ್ಷ ಆದ್ಮೇಲೆ ಅವನ ಹೆಸರನ್ನ ಜೋರಾಗಿ ಓದಿದ್ದು ಗಣಿತದಲ್ಲಿ ಫೇಲಾದ ನಾನು. ಬಟ್ಟೆ ತಂದಿದ್ದ ಹೆಂಗಸರು ಕೆಲಸ ಬಿಟ್ಟು ನಿಂತು ಕೇಳಿದರು.

ಇನ್ನೊಂದು ವಿಷಯ, ಇದನ್ನ ಬರೀಬಾರದು ಅಂದ್ಕೊಂಡಿದ್ದೆ. ಮಗ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ತು ಅಂದ ದಿನ ನಾನೂ ಸಮಾಧಾನದ ಉಸಿರು ಬಿಟ್ಟೆ. ಆ ಹಿರಿಯರ ಮೇಲಿನ ಸಿಟ್ಟಲ್ಲಿ ಅರ್ಧ ನನ್ನ ಮೇಲಿಂದೇ ಇರಬೇಕು.

ರಾತ್ರಿ ಆ ಹುಡುಗಿ ಫೋಟೋ ಕಳಿಸಿದ್ದಾಳೆ. "ದೊಡ್ಡಪ್ಪ, ನಮ್ಮೂರ ಆಂಜನೇಯನ ಗುಡಿ ಹಿಂದಿದೆ. ಏನು ಬರೆದಿದೆ?" ಯಾರೋ ಪುಣ್ಯಾತ್ಮರು ಕಲ್ಲಿಗೆ ನೀಲಿ ಪೇಂಟ್ ಬಳಿದಿದ್ದಾರೆ, ಮೇಲೆ ಎಣ್ಣೆ, ಕುಂಕುಮ. ಮೊದಲ ಸಾಲಿನ 'ಸ್ವಸ್ತಿ ಶ್ರೀ' ಬಿಟ್ಟರೆ ಒಂದಕ್ಷರವೂ ಕಾಣ್ತಿಲ್ಲ. ಬೆಳಿಗ್ಗೆ ಏಳಕ್ಕೆ ಹೋಗು, ಎಳೆಬಿಸಿಲು ಪಕ್ಕದಿಂದ ಬೀಳುವಾಗ ಇನ್ನೊಂದು ತೆಗಿ ಅಂದಿದೀನಿ.